ಕಚೇರಿಗೂ 200 ಕಿ.ಮೀ. ಬ್ರೆವೆಗೂ ಒಂದೇ ಸೈಕಲ್: ಹೈಬ್ರಿಡ್ಡೋ, ರೋಡ್ ಬೈಕೋ?

ಜಯನಗರ (ಪ್ರಶ್ನೆ): ಎಲ್ಲರಿಗೂ ನಮಸ್ಕಾರ. ಜಯನಗರದ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ವಾರಕ್ಕೆ ಮೂರು ದಿನವಾದರೂ ಸೈಕಲ್ಲಿನಲ್ಲಿ ಹೋಗಿಬರಬೇಕೆಂದಿದ್ದೇನೆ. ಈ ಚಳಿಗಾಲದಲ್ಲಿ 200 ಕಿ.ಮೀ. ಬ್ರೆವೆಯೊಂದನ್ನು (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸುವ ಆಸೆಯೂ ಇದೆ. ಕೈಯಲ್ಲಿರುವುದು 50,000 ರೂಪಾಯಿ. ಸೊಂಟದ ಮೇಲ್ಭಾಗದಲ್ಲಿ ಆಗಾಗ ನೋವು ಬರುತ್ತದೆ. ನೇರ ಹ್ಯಾಂಡಲ್ಲಿನ ಹೈಬ್ರಿಡ್ ಕೊಳ್ಳಲೇ, ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ರೋಡ್ ಬೈಕ್ ಕೊಳ್ಳಲೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ತುಮಕೂರು: ಹೈಬ್ರಿಡ್ ಕೊಳ್ಳಿ, ಬೇರೆ ಯೋಚನೆಯೇ ಬೇಡ. 31,000 ರೂಪಾಯಿಯ ಹೈಬ್ರಿಡ್‌ನಲ್ಲಿ 200, 300, 400, 600 ಕಿ.ಮೀ. ಬ್ರೆವೆ ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿ ಸೂಪರ್ ರಾಂಡೊನರ್ ಎಂಬ ಬಿರುದು ಪಡೆದವನು ನಾನು. 200ಕ್ಕೆ ಹದಿಮೂರೂವರೆ ಗಂಟೆ ಕೊಡುತ್ತಾರೆ, 600ಕ್ಕೆ 40 ಗಂಟೆ ಕೊಡುತ್ತಾರೆ. ತಿಂಡಿ, ಊಟ, ಪಂಕ್ಚರ್, ಪೆಟ್ರೋಲ್ ಬಂಕಿನ ಕಟ್ಟೆಯ ಮೇಲಿನ ಅರೆನಿದ್ದೆ ಎಲ್ಲವನ್ನೂ ಸೇರಿಸಿಕೊಂಡು ಗಂಟೆಗೆ 15 ಕಿ.ಮೀ. ಬಿದ್ದರೆ ಸಾಕು. ಮೊದಲು ಬಂದವನಿಗೆ ಬಹುಮಾನವೂ ಇಲ್ಲ, ಕೊನೆಗೆ ಬಂದವನಿಗೆ ಅವಮಾನವೂ ಇಲ್ಲ. ಇದಕ್ಕೆ ಒಂದೂವರೆ ಲಕ್ಷದ ಕಾರ್ಬನ್ ಚೌಕಟ್ಟಿನ ಸೈಕಲ್ ಏಕೆ ಬೇಕು?

ಆದರೆ ಸೈಕಲ್ಲಿನ ಬೆಲೆಯೊಂದಕ್ಕೇ ಖರ್ಚು ಮುಗಿಯುವುದಿಲ್ಲ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ, ನಾನು ಹೇಳುತ್ತೇನೆ. 32 ಮಿ.ಮೀ. ಟೈರ್ ಜೋಡಿಗೆ 3,800, ಮುಂದಿನ ಮತ್ತು ಹಿಂದಿನ ದೀಪಗಳಿಗೆ 5,200, ಪ್ಯಾಡ್ ಇರುವ ಚಡ್ಡಿ ಎರಡಕ್ಕೆ 4,400, ಪಂಪು, ಟ್ಯೂಬು, ಲಿವರು, ಚೀಲ ಎಂದು ಮತ್ತೊಂದು 3,500 ಆಯಿತು. 300ರ ಬ್ರೆವೆಯಲ್ಲಿ ಸಿರಾ ದಾಟಿದ ಮೇಲೆ ಕಿರುಬೆರಳೂ ಅದರ ಪಕ್ಕದ ಬೆರಳೂ ಮರಗಟ್ಟಿದವು, ಆಮೇಲೆ ಬಹಳ ದಿನ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗಿತ್ತು. 900 ರೂಪಾಯಿಯ ಬಾರ್ ಎಂಡ್ (ಹ್ಯಾಂಡಲ್ಲಿನ ತುದಿಗೆ ಸಿಕ್ಕಿಸುವ ಹೆಚ್ಚುವರಿ ಹಿಡಿ) ಹಾಕಿಸಿದ ಮೇಲೆ ಆ ತೊಂದರೆ ಮುಗಿಯಿತು.

ರಾಜಾಜಿನಗರ: ಅಂಗಿಯ ಗುಂಡಿ ಹಾಕಿಕೊಳ್ಳಲಾಗದಷ್ಟು ನರ ಒತ್ತಿಕೊಂಡಿದ್ದನ್ನು ಹೆಮ್ಮೆಯಿಂದ ಹೇಳಿಕೊಂಡು, ಅದೇ ಸೈಕಲ್ಲನ್ನು ಇನ್ನೊಬ್ಬರಿಗೆ ಶಿಫಾರಸು ಮಾಡುವ ಧೈರ್ಯವನ್ನು ಮೆಚ್ಚಬೇಕು. ನೇರವಾದ ಹ್ಯಾಂಡಲ್‌ಬಾರ್‌ನಲ್ಲಿ ಕೈ ಇಡಲು ಇರುವುದು ಒಂದೇ ಜಾಗ. ರೋಡ್ ಬೈಕಿನ ಬಾಗಿದ ಡ್ರಾಪ್ ಬಾರ್‌ನಲ್ಲಿ ಮೇಲೆ, ಬ್ರೇಕಿನ ಹುಡ್ (ಬ್ರೇಕ್ ಹಿಡಿಯ ರಬ್ಬರು ಹೊದಿಕೆ) ಮೇಲೆ, ಕೆಳಗೆ ಎಂದು ಮೂರು ಜಾಗಗಳಿರುತ್ತವೆ, ಎದುರುಗಾಳಿ ಬಂದಾಗ ಬಗ್ಗಲೂ ಬಹುದು.

ನಾನು ಶಿಮಾನೊ ಕಂಪನಿಯ ಸೋರಾ ಗೇರಿನ ಹಳೆಯ ರೋಡ್ ಬೈಕನ್ನು 48,000ಕ್ಕೆ ಕೊಂಡೆ. ಅದರಲ್ಲಿದ್ದ 25 ಮಿ.ಮೀ. ಟೈರು ನಮ್ಮ ರಸ್ತೆಗಳಿಗೆ ಆಗುವುದಿಲ್ಲ ಎಂಬುದನ್ನು ಹೊಸಕೋಟೆಯ ಬಳಿಯ ಒಂದು ಗುಂಡಿಯೇ ತೀರ್ಮಾನಿಸಿತು: ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು, ರಿಮ್ ಸೊಟ್ಟ, ಹೊಸ ಗಾಲಿಗೆ 6,500. ಗಾಲಿ ಬರುವವರೆಗೆ ಸೈಕಲ್ ಅಂಗಡಿಯ ಮೂಲೆಯಲ್ಲಿ ತಲೆಕೆಳಗಾಗಿ ನಿಂತಿತ್ತು. ಚೌಕಟ್ಟಿನಲ್ಲಿ 28ಕ್ಕಿಂತ ದಪ್ಪ ಟೈರು ಹಿಡಿಸುವುದಿಲ್ಲ, ಆದ್ದರಿಂದ 28 ಹಾಕಿಸಿ ಗಾಳಿಯನ್ನು ಸ್ವಲ್ಪ ಕಡಿಮೆ ಮಾಡಿದೆ. ನಂದಿ ಬೆಟ್ಟದ ಕೊನೆಯ ತಿರುವುಗಳಿಗಾಗಿ 11-28 ಹಲ್ಲಿನ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಚ್ಛ) ತೆಗೆಸಿ, ಏರು ಹಗುರವಾಗಲೆಂದು 11-34 ಹಾಕಿಸಿದೆ. ಹಳೆಯ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಅಷ್ಟು ದೊಡ್ಡ ಹಲ್ಲಿನ ಚಕ್ರವನ್ನು ತಾಳದ ಕಾರಣ ಅದನ್ನೂ ಬದಲಾಯಿಸಬೇಕಾಯಿತು, ಅದಕ್ಕೂ ಉದ್ದದ ಚೈನಿಗೂ ಸೇರಿ 7,900. ಇಷ್ಟೆಲ್ಲ ಆದ ಮೇಲೂ ಹೈಬ್ರಿಡ್‌ಗೆ ಮರಳುವುದಿಲ್ಲ.

ತುಮಕೂರು: 48,000ದ ಸೈಕಲ್ಲಿಗೆ 14,400 ಸುರಿದು ಕೊನೆಗೆ ದಪ್ಪ ಟೈರು, ಹಗುರ ಗೇರು ಮಾಡಿಕೊಂಡಿರಿ. ಅವೆರಡೂ ನನ್ನ ಹೈಬ್ರಿಡ್‌ನಲ್ಲಿ ಅಂಗಡಿಯಿಂದಲೇ ಬಂದಿದ್ದವು ಸ್ವಾಮಿ.

ಮಲ್ಲೇಶ್ವರ: ಇಬ್ಬರೂ ಹ್ಯಾಂಡಲ್‌ಬಾರ್ ಹಿಡಿದುಕೊಂಡು ಜಗಳವಾಡುತ್ತಿದ್ದೀರಿ, ಕುಳಿತುಕೊಳ್ಳುವ ಜಾಗದ ಬಗ್ಗೆ ಒಬ್ಬರೂ ಮಾತನಾಡಿಲ್ಲ. ಸೈಕಲ್ಲಿನ ಜೊತೆಗೆ ಬಂದ ಸೀಟಿನಿಂದ ನನಗೆ ಚರ್ಮ ಉಜ್ಜಿ ಹುಣ್ಣಾಗಿ, ವೈದ್ಯರಿಗೆ ಮತ್ತು ಮುಲಾಮಿಗೆ 2,300 ಖರ್ಚಾಯಿತು. ಆ ಅವಧಿಯಲ್ಲಿ ಆಫೀಸಿನ ಕುರ್ಚಿಯಲ್ಲಿಯೂ ಓರೆಯಾಗಿ ಕುಳಿತಿದ್ದೆ. ಕೂತಾಗ ಭಾರ ಹೊರುವ ಎರಡು ಮೂಳೆಗಳ ನಡುವಿನ ಅಂತರವನ್ನು ಅಳೆಸಿ, ಅದಕ್ಕೆ ತಕ್ಕ ಅಗಲದ, ನಡುವೆ ಸೀಳಿರುವ ಸೀಟನ್ನು 6,800 ಕೊಟ್ಟು ಕೊಂಡ ಮೇಲೆಯೇ 300 ಸಾಧ್ಯವಾಗಿದ್ದು. ಪ್ಯಾಡ್ ಚಡ್ಡಿಯ ಒಳಗೆ ಒಳ ಉಡುಪು ಹಾಕಬಾರದು ಎಂಬುದನ್ನು ಕೂಡ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಅದರ ಹೊಲಿಗೆಯ ಅಂಚೇ ಉಜ್ಜುವುದು.

ತುಮಕೂರು: ಮೇಡಂ, 6,800 ಏಕೆ ಕೊಟ್ಟಿರಿ? 450 ರೂಪಾಯಿಗೆ ಜೆಲ್ ಕವರ್ ಸಿಗುತ್ತದೆ, ಮೆತ್ತಗೆ ಇರುತ್ತದೆ.

ಮಲ್ಲೇಶ್ವರ: ಅದೂ ಮನೆಯಲ್ಲಿ ಬಿದ್ದಿದೆ ಸರ್, ಬೇಕಿದ್ದರೆ ಕಳುಹಿಸಿಕೊಡುತ್ತೇನೆ. ಮೆತ್ತಗಿನ ಜೆಲ್ಲಿನೊಳಗೆ ಮೂಳೆ ಇಳಿದಾಗ ನಡುವಿನ ಭಾಗ ಮೇಲೆದ್ದು ಒತ್ತುತ್ತದೆ. ಇಪ್ಪತ್ತು ಕಿಲೋಮೀಟರಿನ ತನಕ ಸುಖ, ಆಮೇಲೆ ನರಕ. ಹೆಂಗಸರ ಸೀಟಿನ ವಿಷಯದಲ್ಲಿ ಗಂಡಸರು ಬೆಲೆ ಹೇಳುವ ಮೊದಲು ಒಂದು ಮಾತು ಕೇಳಿಸಿಕೊಳ್ಳುವುದು ಒಳ್ಳೆಯದು.

ಸಾಗರ: ಬೆಂಗಳೂರಿನವರು ಬಿಸಿಲಿನ ಸೈಕಲ್ಲಿನ ಕಥೆಯನ್ನೇ ಹೇಳುತ್ತೀರಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈಕಲ್ ಒಣಗುವುದೇ ಇಲ್ಲ. ರಿಮ್ ಬ್ರೇಕಿನ ರಬ್ಬರು ಮರಳು ಮೆತ್ತಿಕೊಂಡು ರಿಮ್ಮನ್ನೇ ಸವೆಸುತ್ತದೆ, ಬೆರಳಾಡಿಸಿದರೆ ಅಲ್ಲಿ ಹಳ್ಳ ಬಿದ್ದಿರುವುದು ಗೊತ್ತಾಗುತ್ತದೆ. ಡಿಸ್ಕ್ ಬ್ರೇಕಿಗೆ ಬದಲಾದೆ. ಮೊದಲು ಹಾಕಿಸಿದ ರೆಸಿನ್ ಪ್ಯಾಡು ಒಂದೇ ಮಳೆಗಾಲದಲ್ಲಿ ಲೋಹದ ತಗಡಿನವರೆಗೆ ಸವೆಯಿತು, ಈಗ ಲೋಹಮಿಶ್ರಿತ ಪ್ಯಾಡು ಹಾಕಿದ್ದೇನೆ, ಕಿರುಚುತ್ತದೆ, ಆದರೆ ಬಾಳುತ್ತದೆ. ಚೈನಿನ ಹಿಗ್ಗನ್ನು ಗೇಜಿನಿಂದ ಅಳೆದು, ಅದು ಶೇ. 0.75 ತಲುಪುವ ಮೊದಲೇ ಚೈನನ್ನು ಬದಲಿಸುತ್ತೇನೆ. 1,400 ರೂಪಾಯಿಯ ಚೈನು ಉಳಿಸಲು ಹೋದರೆ 2,600ರ ಕ್ಯಾಸೆಟ್ ಕೂಡ ಹೋಗುತ್ತದೆ. ಕಚೇರಿಗೆ ಹೋಗುವವರಿಗೆ ಮೊದಲು ಬೇಕಾದದ್ದು ಮಡ್‌ಗಾರ್ಡ್. ಅದನ್ನು ಬಿಗಿಯಲು ಚೌಕಟ್ಟಿನಲ್ಲಿ ತೂತು ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ. ರೋಡ್ ಬೈಕುಗಳಲ್ಲಿ ಬಹುಪಾಲು ಇರುವುದಿಲ್ಲ.

ರಾಜಾಜಿನಗರ: ಮಡ್‌ಗಾರ್ಡ್ ಹಾಕಿಕೊಂಡು ನಂದಿ ಹತ್ತುವವರನ್ನು ನೋಡಿ ನಗುವವರೇ ಹೆಚ್ಚು.

ಸಾಗರ: ನಗಲಿ. ಬೆನ್ನ ಮೇಲೆ ಕೆಸರಿನ ಪಟ್ಟೆ ಎಳೆದುಕೊಂಡು ಮೀಟಿಂಗಿಗೆ ಹೋಗುವುದು ಅವರು, ನಾನಲ್ಲ.

ಮೈಸೂರು: 200ರ ಅಭ್ಯಾಸಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಹಿಡಿಯೋಣ ಎಂದುಕೊಳ್ಳಬೇಡಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆಗೆ ಮೋಟಾರಿಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕು, ಕಬ್ಬಿನ ಗಾಡಿ, ನಾಯಿ ಎಲ್ಲಕ್ಕೂ ದಾರಿ ಬಿಟ್ಟು ಹೋಗಬೇಕಾಗುತ್ತದೆ. ಹೆದ್ದಾರಿ ಅಂಚಿನ ನಿಜವಾದ ಶತ್ರು ಎಂದರೆ ಒಡೆದ ಲಾರಿ ಟೈರಿನಿಂದ ಉದುರಿದ ಕೂದಲೆಳೆಯ ಉಕ್ಕಿನ ತಂತಿ. ಮದ್ದೂರಿನ ಬಳಿ ಟ್ಯೂಬು ಬದಲಿಸಿದೆ, ಮತ್ತೆ ಗಾಳಿ ಹೋಯಿತು. ಮತ್ತೆ ಬದಲಿಸಿದೆ, ಮತ್ತೆ ಹೋಯಿತು. ಕೊನೆಗೆ ಟೈರಿನ ಒಳಗೆ ಹತ್ತಿಯ ಉಂಡೆಯನ್ನು ನಿಧಾನವಾಗಿ ಎಳೆಯುತ್ತಾ ಹೋದಾಗ ಒಂದು ಕಡೆ ಎಳೆ ಸಿಕ್ಕಿಕೊಂಡಿತು, ಅಲ್ಲಿ ಮೊಬೈಲಿನ ಬೆಳಕು ಹಾಯಿಸಿದರೆ ರಾಗಿಕಾಳಿನಷ್ಟೂ ಉದ್ದವಿಲ್ಲದ ತಂತಿ ಹೊಳೆಯಿತು. ಹುಬ್ಬು ಕೀಳುವ ಚಿಮಟವನ್ನು ಅಂದಿನಿಂದ ಚೀಲದಲ್ಲಿಯೇ ಇಟ್ಟುಕೊಂಡಿದ್ದೇನೆ. ಅದರ ಬೆಲೆ 40 ರೂಪಾಯಿ.

ರಾಜಾಜಿನಗರ: ಟ್ಯೂಬ್‌ಲೆಸ್ (ಒಳಗೆ ಟ್ಯೂಬಿಲ್ಲದ ಟೈರು) ಹಾಕಿಸಿ ಎಂದು ಎಷ್ಟು ಬಾರಿ ಹೇಳಬೇಕು? ಆ ತಂತಿಯ ತೂತನ್ನು ಟೈರಿನೊಳಗೆ ಹಾಕುವ ಅಂಟು ದ್ರವ, ಅಂದರೆ ಸೀಲಂಟ್, ತಾನೇ ಮುಚ್ಚುತ್ತದೆ.

ಮೈಸೂರು: ನಮ್ಮ ಬಿಸಿಲಿಗೆ ಸೀಲಂಟ್ ಕೆಲವೇ ತಿಂಗಳಲ್ಲಿ ಒಣಗಿ ಟೈರಿನೊಳಗೆ ಕೆನೆಗಟ್ಟುತ್ತದೆ. ಒಂದು ಗಾಜಿನ ಚೂರು ಟೈರಿನ ಬದಿಯನ್ನು ಸೀಳಿದರೆ, ನಡುರಾತ್ರಿಯಲ್ಲಿ ಆ ಅಂಟಿನ ಹಾಲನ್ನೆಲ್ಲ ಮೈಮೇಲೆ ಚೆಲ್ಲಿಕೊಂಡು ಒಳಗೆ ಟ್ಯೂಬನ್ನೇ ತುರುಕಬೇಕು. ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಂಡರೆ ಕೈಪಂಪಿನಿಂದ ಅದು ಮತ್ತೆ ಕೂರುವುದಿಲ್ಲ. ತಾವು ಬಹುಶಃ ಹಗಲಿನ ಸವಾರಿಯನ್ನೇ ಮಾಡುತ್ತೀರಿ.

ರಾಜಾಜಿನಗರ: 400ನ್ನು ಹಗಲಿನಲ್ಲಿಯೇ ಮುಗಿಸುವ ವಿದ್ಯೆ ನಿಮಗೆ ಗೊತ್ತಿದ್ದರೆ ತಿಳಿಸಿ, ಕಲಿಯುತ್ತೇನೆ. ನನಗೆ ಅದಕ್ಕೆ 25 ಗಂಟೆ ಹಿಡಿಯಿತು. 2027ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್‌ನ (ಫ್ರಾನ್ಸಿನ ಬ್ರೆವೆ) 1,200 ಕಿ.ಮೀ.ಗೆ ಸಿದ್ಧನಾಗುತ್ತಿರುವವನಿಗೆ ರಾತ್ರಿಯ ಪಾಠ ಬೇಕಿಲ್ಲ.

ಜಯನಗರ: ಎಲ್ಲರಿಗೂ ಧನ್ಯವಾದಗಳು. ನನ್ನ ಸೊಂಟದ ನೋವಿನ ಬಗ್ಗೆ ಯಾರಾದರೂ ಹೇಳಬಹುದೇ?

ಮಲ್ಲೇಶ್ವರ: ಚೌಕಟ್ಟಿನ ಅಳತೆ ದೊಡ್ಡದಾದರೆ ಹ್ಯಾಂಡಲ್‌ಬಾರ್ ತಲುಪಲು ಮೈ ಚಾಚಬೇಕಾಗುತ್ತದೆ, ಸೀಟು ಅತಿ ಎತ್ತರವಾದರೆ ಪೆಡಲ್ ತುಳಿಯುವಾಗ ಸೊಂಟ ಅತ್ತಿತ್ತ ತೂಗುತ್ತದೆ. ಎರಡೂ ನೋವನ್ನು ಹೆಚ್ಚಿಸುತ್ತವೆ. ಮೊದಲು ವೈದ್ಯರಿಗೆ ತೋರಿಸಿ. ಆಮೇಲೆ ಹೈಬ್ರಿಡ್ ಆಗಲಿ, ರೋಡ್ ಬೈಕ್ ಆಗಲಿ, ಅಂಗಡಿಯ ಮುಂದೆ ಎರಡು ಸುತ್ತು ಹಾಕಿ ಕೊಳ್ಳಬೇಡಿ, ಒಂದು ಗಂಟೆಯಾದರೂ ಓಡಿಸಲು ಕೊಡುವವರ ಬಳಿ ಹೋಗಿ. 50,000ದಲ್ಲಿ ಸೈಕಲ್ಲಿಗೆ 35,000 ಮಾತ್ರ ಎಂದು ಮನೆಯಲ್ಲಿಯೇ ಗಟ್ಟಿ ಮಾಡಿಕೊಂಡು ಹೊರಡಿ, ಉಳಿದದ್ದು ಸೀಟಿಗೆ, ದೀಪಕ್ಕೆ, ಟೈರಿಗೆ ಬೇಕಾಗುತ್ತದೆ.

ತುಮಕೂರು: 35,000ಕ್ಕೆ ಸಿಗುವುದು ಹೈಬ್ರಿಡ್ಡೇ. ನಾನು ಮೊದಲೇ ಹೇಳಿದ್ದೆ.

ರಾಜಾಜಿನಗರ: ಅದೇ ಬೆಲೆಗೆ, ಸೋರಾಗಿಂತ ಒಂದು ಮೆಟ್ಟಿಲು ಕೆಳಗಿನ ಕ್ಲಾರಿಸ್ ಗೇರಿನ ಹಳೆಯ ರೋಡ್ ಬೈಕುಗಳೂ ಸಿಗುತ್ತವೆ. ಜಯನಗರದವರು ಎತ್ತರ ಎಷ್ಟೆಂದು ತಿಳಿಸಿದರೆ ನಾನೇ ಹುಡುಕಿಕೊಡುತ್ತೇನೆ, ತುಮಕೂರಿನವರು ನಡುವೆ ಬಾಯಿ ಹಾಕದಿದ್ದರೆ.