ಸ್ಟೀರಿಯೋ ದನಿಯ ತಕರಾರುಗಳು: ನಿಚ್ಚಳ, ಗುಂಯ್, ಒಡೆ, ಹಚ್ಚು – ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿರುವ ನಮ್ಮ ಕಾಕಾನ ಹತ್ತಿರ ಒಂದು ಸಣ್ಣ ಸ್ಟೀರಿಯೋ ಇದೆ. ಸಿಡಿ, ರೇಡಿಯೋ ಒಂದೇ ಡಬ್ಬಿಯಲ್ಲಿ, ಜೊತೆಗೆ ಎರಡು ಸ್ಪೀಕರ್. ಅದರ ದನಿ ಸುಧಾರಿಸಲು ಯಾವುದನ್ನು ಮೊದಲು ಬದಲಿಸಬೇಕು ಅಂತ ಅವರಿಗೆ ಕನ್ನಡದಲ್ಲೇ ಒಂದು ಪುಟ ಬರೆದುಕೊಡುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಪೆನ್ನು ನಿಂತಿದೆ.

ಮೊದಲು ‘ಸೌಂಡ್’. ಹುಬ್ಬಳ್ಳಿಯ ಅಂಗಡಿಯಲ್ಲಿ "ಸೌಂಡ್ ಚಲೋ ಇಲ್ರೀ" ಅಂದರೆ ಸಾಕು, ಜಾಸ್ತಿ ವ್ಯಾಟಿನ ಆಂಪ್ಲಿಫೈಯರ್ ತೋರಿಸುತ್ತಾರೆ. ವ್ಯಾಟ್ ಎರಡು ಪಟ್ಟಾದರೆ ಏರುವುದು ಬರೀ 3 ಡೆಸಿಬೆಲ್ (ದನಿಯ ಜೋರಿನ ಅಳತೆ). ಕಿವಿಗೆ ಎರಡು ಪಟ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್! ಕಾಕಾ ಕೇಳುತ್ತಿರುವುದು ಜೋರಲ್ಲ. ಮಲ್ಲಿಕಾರ್ಜುನ ಮನಸೂರರು ಹಾಡುವಾಗ ಹಿಂದಿನ ತಂಬೂರಿ ಬಿಡಿಸಿ ಕೇಳಿಸುವುದಿಲ್ಲ ಅನ್ನುವುದು ಅವರ ತಕರಾರು. ತಂಬೂರಿಯ ಜವಾರಿ, ಅಂದರೆ ತಂತಿಯ ಆ ಝೇಂಕಾರ (ಕೋಳಿಯ ಮುಂದೆ ಬರುವ ಜವಾರಿ ಅಲ್ಲ), ಇರುವುದೇ ಮೇಲಿನ ಉಪಸ್ವರಗಳಲ್ಲಿ. ಟ್ವೀಟರ್ (ಮೇಲಿನ ಸ್ವರ ನುಡಿಸುವ ಸಣ್ಣ ಸ್ಪೀಕರ್) ಕಿವಿಯ ಮಟ್ಟಕ್ಕೆ ಇಲ್ಲದಿದ್ದರೆ ಅದೇ ಮೊದಲು ಮಾಯ. ಹಾಗೆ ಬಿಡಿಸಿ ಕೇಳಿಸುವುದಕ್ಕೆ ‘ನಿಚ್ಚಳ’ ಅಂತ ಬರೆದಿದ್ದೇನೆ. ‘ಸ್ಪಷ್ಟ’ ಮಾತಿಗೆ ಒಪ್ಪುತ್ತದೆ, ತಂತಿಗೆ ಯಾಕೋ ಒಪ್ಪದು. ನಿಮ್ಮಲ್ಲಿ ಕಿವಿಗೂ ನಿಚ್ಚಳ ಅಂತಾರಾ, ಇಲ್ಲಾ ಅದು ಬರೀ ಕಣ್ಣಿನ ಪದವಾ?

ನಿಜವಾಗಿ ತಲೆ ತಿಂದದ್ದು ಮುಂದಿನದು. ಸ್ಪೀಕರನ್ನು ಮೂಲೆಗೆ ಒತ್ತಿ ಇಟ್ಟರೆ ಗೋಡೆಗಳು ಕೆಳಗಿನ ಸ್ವರಗಳನ್ನು ಉಬ್ಬಿಸುತ್ತವೆ. ಡಗ್ಗಾ (ತಬಲಾದ ಎಡಗೈ ವಾದ್ಯ) ಉಳಿದದ್ದನ್ನೆಲ್ಲ ನುಂಗುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ "ಕೊಡದಾಗ ಮಾತಾಡಿದಂಗ" ಅಂತಾರೆ. ಒಂದೆರಡು ಅಡಿ ಮುಂದೆ ಎಳೆದರೆ ಇಳಿಯುತ್ತದೆ, ಪೈಸೆ ಖರ್ಚಿಲ್ಲ. ಆದರೆ ಒಂದೇ ಪದ ಯಾವುದು? ‘ಗುಂಯ್‌ಗುಡು’ ಅನ್ನೋಣವೆಂದರೆ, ಹಾಡು ನಿಂತ ಮೇಲೂ ಕರೆಂಟಿನಿಂದ ಬರುವ 50 ಹರ್ಟ್ಸ್ ಸಪ್ಪಳಕ್ಕೂ ಅದನ್ನೇ ಅಂತೀವಿ. ಆ ಗುಂಯ್‌ಗೆ ಅರ್ಥಿಂಗ್, ಕೇಬಲ್ ನೋಡಬೇಕು. ಸ್ಪೀಕರ್ ಎಷ್ಟು ಸರಿಸಿದರೂ ಹೋಗದು. ‘ಮಾರ್ದನಿ’ ಗುಡ್ಡ, ಗುಡಿಗಳ ಮಾತು. ಗಾಯಕರು, ಮೈಕ್‌ಸೆಟ್‌ನವರು ಏನಂತಾರೆ ಗೊತ್ತಿದ್ದರೆ ತಿಳಿಸಿ.

‘ದನಿ ಒಡೆಯುವುದು’ ಚರ್ಚೆಗೆ ಬರುವಂಥದ್ದೇ. ಚಿಕ್ಕ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ಏರಿಸಿದರೆ ಅಲೆಯ ತುದಿ ಚಪ್ಪಟೆಯಾಗಿ ಹಾಡು ಒಡೆಯುತ್ತದೆ. ಇಲ್ಲಿ ಮಾತ್ರ ಜಾಸ್ತಿ ವ್ಯಾಟ್ ಕೆಲಸಕ್ಕೆ ಬರುತ್ತದೆ. ಆದರೆ ಮೀಸೆ ಚಿಗುರುವ ಹುಡುಗರ ದನಿಯೂ ಒಡೆಯುತ್ತದೆ ಅಲ್ವಾ? ‘ಕರಕರ’ವನ್ನು ಬೇರೆ ಇಟ್ಟಿದ್ದೇನೆ. ಅದು ವಾಲ್ಯೂಮ್ ತಿರುವುವಾಗ ಒಳಗಿನ ಧೂಳು ಮಾಡುವ ಸಪ್ಪಳ.

ಅಪ್‌ಗ್ರೇಡ್‌ಗೆ ಪದ ಹುಡುಕಲು ಹೋಗಿಲ್ಲ. ಜಾಗ ಸರಿ ಮಾಡಿ, ಆಮೇಲೆ ಸ್ಪೀಕರ್ ಬದಲಿಸಿ, ಆಂಪ್ಲಿಫೈಯರ್ ಕೊನೆಗೆ ಅಂತ ಬರೆದೆ. ಎರಡು ಮೂರು ಮೀಟರಿಗೆ ಸಾದಾ 16 ಗೇಜ್ ತಾಮ್ರದ ವೈರ್ ಸಾಕು, ದುಬಾರಿ ಕೇಬಲ್ ಸುಮ್ನೆ.

ಕೊನೆಯದು. "ಡಬ್ಬಿಯ ಹಿಂದೆ 6 ಓಮ್ ಅಂತ ಇದ್ದರೆ 4 ಓಮ್ ಸ್ಪೀಕರ್ ಹಚ್ಚಬೇಡಿ" ಅಂತ ಬರೆದಿದ್ದೇನೆ (ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ). ನಮ್ಮ ಕಡೆ ವೈರ್ ಜೋಡಿಸುವುದೂ ಹಚ್ಚುವುದೇ, ರೇಡಿಯೋ ಚಾಲೂ ಮಾಡುವುದೂ ಹಚ್ಚುವುದೇ. ಕಾಕಾ ಓದಿದ ಮೇಲೆ ಈ ಪುಟ ಮೈಸೂರಿನ ಬೀಗರಿಗೆ ಹೋಗಲಿದೆ. ಅವರು ಇದನ್ನು ಹೇಗೆ ಓದಿಕೊಳ್ಳುತ್ತಾರೆ? ‘ಜೋಡಿಸಬೇಡಿ’ ಅಂತ ತಿದ್ದಲಾ, ಇರಲಿ ಅಂತೀರಾ?