ಸಿಟ್ಟು, ಆಮೇಲೆ ಮೂರು ದಿನ ಮೌನ: ಅನುಭವ ಇದ್ದವರು ಹೇಳಿ

ಸಕಲೇಶಪುರದ ಹೊಸಬ: ಸಿಟ್ಟು ಬಂದರೆ ಕೂಗಾಡುತ್ತೇನೆ. ಆಮೇಲೆ ಮೂರು ದಿನ ಮಾತಿಲ್ಲ. 'ಮನಸ್ಸಲ್ಲಿ ಏನಿದೆ ಹೇಳಿ' ಅನ್ನುತ್ತಾಳೆ ಹೆಂಡತಿ. ನನಗೇ ಗೊತ್ತಿಲ್ಲ. ಇದನ್ನು ದಾಟಿದವರು ಏನು ಮಾಡಿದಿರಿ?

ಮೂಡಿಗೆರೆ ತೋಟ: ನನ್ನದು ಕೇಳಿ. ಡಿಸೆಂಬರ್ ಕೊಯ್ಲಲ್ಲಿ ಮಳೆ ಹಿಡಿಯಿತು. ಕಣದಲ್ಲಿ ಅರೇಬಿಕಾ ಕಾಫಿ ಹಣ್ಣು ಹರಡಿತ್ತು, ಟಾರ್ಪಾಲ್ ಎಳೆಯುವುದು ಹತ್ತು ನಿಮಿಷ ತಡವಾಯಿತು. ಆಳುಗಳಿಗೆ ಬಾಯಿಗೆ ಬಂದ ಹಾಗೆ ಬೈದೆ. ಮಾರನೇ ದಿನ ಆರು ಜನ ಪಕ್ಕದ ತೋಟಕ್ಕೆ ಹೋದರು. ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಬೆಂಗಳೂರಲ್ಲಿ ಕೌನ್ಸೆಲಿಂಗ್‌ಗೆ ಎಂಟು ಸಲ ಹೋದೆ. ಸಲಕ್ಕೆ 1,500, ಒಟ್ಟು 12,000, ಬಸ್ಸು ಊಟ ಬೇರೆ. ಮೊದಲ ನಾಲ್ಕು ಸಲ ಬರೀ ಕಾಫಿ ರೇಟು ಮಾತಾಡಿ ಬಂದೆ, 6,000 ದಂಡ. ಐದನೇ ಸಲ 'ಬೈಯುವ ಮುಂಚೆ ಮೈಯಲ್ಲಿ ಏನಾಗಿತ್ತು' ಅಂತ ಕೇಳಿದರು. ಹೊಟ್ಟೆ ಕಿವುಚಿತ್ತು. ಅದು ಸಿಟ್ಟಲ್ಲ, ಬ್ಯಾಂಕಿನ ಕಂತಿನ ಹೆದರಿಕೆ.

ಹಾಸನದ ಟೀಚರ್: ಎಲ್ಲರಿಗೂ ಮಾತು ಸಾಲುವುದಿಲ್ಲ. ವರ್ಷಪೂರ್ತಿ ಡೈರಿ ಬರೆದೆ, ಅಳು ನಿಲ್ಲಲಿಲ್ಲ. ಕೊನೆಗೆ ಮಾತ್ರೆ. ಎರಡು ವಾರ ವಾಕರಿಕೆ, ನಿದ್ದೆ ಇಲ್ಲ. ನಾಲ್ಕನೇ ವಾರ ತಲೆ ಹಗುರವಾಯಿತು. ಸರಿಹೋಯಿತಲ್ಲ ಅಂತ ಮೂರನೇ ತಿಂಗಳು ನಾನೇ ನಿಲ್ಲಿಸಿದೆ. ತಲೆಸುತ್ತು, ಕರೆಂಟ್ ಹೊಡೆದ ಹಾಗೆ ಜುಂ ಅನ್ನುವುದು. ಮತ್ತೆ ಮೊದಲಿಂದ ಶುರು. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಕಡೂರು ಹಿರಿಯ: ನಮ್ಮಪ್ಪ ಯಾವ ಡಾಕ್ಟರ ಹತ್ತಿರ ಹೋಗಿದ್ದರು? ತೆಂಗಿನ ತೋಟದಲ್ಲಿ ಸುಮ್ನೆ ಒಂದು ಸುತ್ತು ಹಾಕಿದರೆ ಎಲ್ಲ ಇಳಿಯುತ್ತಿತ್ತು.

ಹಾಸನದ ಟೀಚರ್: ನಿಮ್ಮಪ್ಪ ಹೋಗಲಿಲ್ಲ, ಸರಿ. ನಿಮ್ಮಮ್ಮ ಎಷ್ಟು ಸಲ ತವರಿಗೆ ಹೋದರು?

ಕಡೂರು ಹಿರಿಯ: ನಮ್ಮಮ್ಮನ ಸುದ್ದಿ ನಿಮಗ್ಯಾಕೆ?

ಬೇಲೂರು ಆಲೂಗೆಡ್ಡೆ: ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ. 2022ರಿಂದ ಇದೆ, ಬಿಟ್ಟಿ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳೆಗೆ ಅಂಗಮಾರಿ ಬಿದ್ದ ವರ್ಷ ರಾತ್ರಿ ಎರಡಕ್ಕೆ ಮಾಡಿದ್ದೆ. ತೋಟದವರಿಗೆ 12,000 ಲೆಕ್ಕಕ್ಕಿಲ್ಲ. ನಮಗೆ ಅದು ಬಿತ್ತನೆ ಗೆಡ್ಡೆಯ ದುಡ್ಡು.

ಮೂಡಿಗೆರೆ ತೋಟ: ತೋಟದಲ್ಲಿ ದುಡ್ಡು ಉದುರುತ್ತದಾ? ಕಾಂಡಕೊರಕ ಹುಳ ಬಂದು ಎಷ್ಟು ಕಾಫಿ ಗಿಡ ಕಿತ್ತು ಸುಟ್ಟಿದ್ದೇನೆ ಗೊತ್ತಾ?

ಕಡೂರು ಹಿರಿಯ: ಆ ಹುಳ ಅಷ್ಟಾಗಿ ತಾಗದ ರೋಬಸ್ಟಾ ಕಾಫಿ ಹಾಕಬೇಕಿತ್ತು.

ಮೂಡಿಗೆರೆ ತೋಟ: ಬಯಲುಸೀಮೆಯಲ್ಲಿ ಕೂತು ಕಾಫಿ ಪಾಠ ಬೇಡ ಸ್ವಾಮಿ.

ಸಕಲೇಶಪುರದ ಹೊಸಬ: ಟೀಚರ್, ತವರಿನ ಮಾತು ಎತ್ತಿದಿರಲ್ಲ. ಹೋದ ತಿಂಗಳು ಇವಳು ತವರಿಗೆ ಹೋಗಿ ಎಂಟು ದಿನ ಇದ್ದಳು. ಊರ ಜಾತ್ರೆಗೆ ಅಂದುಕೊಂಡಿದ್ದೆ.