ನಮ್ಮ ಬಿಸಿನೆಸ್‌ಗೆ ಮಾರ್ಕೆಟಿಂಗ್ ವಿಡಿಯೋ: ಶೂಟಿಂಗ್‌ಗೆ ಮೊದಲು ಏನೇನು ತೀರ್ಮಾನ ಆಗಿರಬೇಕು?

ಪ್ರಶ್ನೆ: ನಾವು ಫರ್ನಿಚರ್ ರಿಪೇರಿ ಮಾಡ್ತೀವಿ. 1 ನಿಮಿಷದ ವಿಡಿಯೋ ಬೇಕು. ಕ್ಯಾಮೆರಾದವರು ಸಿಕ್ಕಿದ್ದಾರೆ, ಆದರೆ ಅವರಿಗೆ ಏನು ಹೇಳಬೇಕು ಅಂತಲೇ ಗೊತ್ತಾಗ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಮೊದಲು ಒಂದೇ ಒಂದು ಸಾಲು ಬರೆಯಿರಿ: ವಿಡಿಯೋ ನೋಡಿದವರು ಏನು ಮಾಡಬೇಕು? ಫೋನ್ ಮಾಡಬೇಕಾ, ಮುರಿದ ಕುರ್ಚಿಯ ಫೋಟೋ ಕಳಿಸಬೇಕಾ? ಅದು ಗಟ್ಟಿಯಾದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ. ಆಮೇಲೆ ಪುಟವನ್ನು ಎರಡು ಭಾಗ ಮಾಡಿ, ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು ಬರೆಯಿರಿ. ಎಡಗಡೆ "ಅಲ್ಲಾಡುವ ಕಾಲು, ಹತ್ತಿರದಿಂದ" ಅಂತ ಇದ್ದರೆ ಬಲಗಡೆ "ಕಾಲು ಅಲ್ಲಾಡುತ್ತಿದೆ" ಅಂತ ಮತ್ತೆ ಹೇಳುವುದು ಬೇಡ, ಅಲ್ವಾ? ಬರೆದದ್ದನ್ನು ಗಟ್ಟಿಯಾಗಿ ಓದಿ ಟೈಮ್ ನೋಡಿ. ಜಾಸ್ತಿ ಆದರೆ ಈಗಲೇ ಕತ್ತರಿಸಿ.

ಉತ್ತರ 2: ಎಲ್ಲಿ ಹಾಕುತ್ತೀರಿ ಅನ್ನೋದನ್ನೂ ಈಗಲೇ ನಿರ್ಧರಿಸಿ. ರೀಲ್ಸ್‌ಗೆ 9:16 (ಅಗಲ:ಎತ್ತರ, ಅಂದರೆ ಉದ್ದ ಫ್ರೇಮ್), ಯೂಟ್ಯೂಬ್‌ನ ಮಾಮೂಲಿ ವಿಡಿಯೋಗೆ 16:9 (ಅಡ್ಡ ಫ್ರೇಮ್). ಅಡ್ಡ ತೆಗೆದದ್ದನ್ನು ಆಮೇಲೆ ಉದ್ದಕ್ಕೆ ಕತ್ತರಿಸಿದರೆ ಎರಡೂ ಕಡೆ ಇದ್ದವರು ಫ್ರೇಮಿನಿಂದ ಹೊರಗೆ ಹೋಗ್ತಾರೆ. ತುಂಬಾ ಜನ ಸೌಂಡ್ ಇಲ್ಲದೆ ನೋಡುತ್ತಾರೆ, ಹಾಗಾಗಿ ಸಬ್‌ಟೈಟಲ್‌ಗೆ ಕೆಳಗೆ ಜಾಗ ಬಿಡಲು ಹೇಳಿ.

ಉತ್ತರ 3: ಶೂಟಿಂಗ್‌ಗೆ ಒಂದು ದಿನ ಮೊದಲು, ಶೂಟ್ ಮಾಡುವ ಹೊತ್ತಿಗೇ ಆ ಜಾಗಕ್ಕೆ ಹೋಗಿ ಸುಮ್ನೆ ನಿಂತು ಕೇಳಿ. ಫ್ಯಾನ್, ಟ್ರಾಫಿಕ್, ಪಕ್ಕದ ಮೆಷಿನ್ ಎಲ್ಲ ಮೈಕಿಗೆ ಬೀಳುತ್ತದೆ. ಇನ್ನೊಂದು, ರಿಪೇರಿಗೆ ಮೊದಲಿನ ಶಾಟ್ ಆಮೇಲೆ ತೆಗೆಯೋಕೆ ಆಗಲ್ಲ. ತೆಗೆಯಬೇಕಾದ ಶಾಟ್‌ಗಳ ಪಟ್ಟಿಯಲ್ಲಿ ಅದೇ ಮೊದಲು ಇರಲಿ!